ಕಿವಿ ನೋಡುವ ದೊಡ್ಡಮ್ಮ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಅದರ ಒಂದು ಭಾಗ ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪಾಲಾಗಿದ್ದು, ಬೇಲಿಯೊಳಗಿನ ಸಂಶೋಧನೆಯ ಸುದ್ದಿ ಹೊರಗೆ ಬರುವುದಿಲ್ಲ. ಬೇಲಿಯ ಹೊರಗೆ, ಸುತ್ತಲಿನ ಹಟ್ಟಿಗಳಲ್ಲಿ ನಡೆಯುವ ಸಂಶೋಧನೆಗೆ ಅಂಥ ಗುಟ್ಟಿನ ಕಟ್ಟುಪಾಡಿಲ್ಲ. ಅದು ಜಗುಲಿಯ ಮೇಲೆ, ಹಾಡಹಗಲಿನಲ್ಲಿ, ಹೊಸದಾಗಿ ಚುಚ್ಚಿಸಿದ ಕಿವಿಯೊಂದನ್ನು ಹಿಡಿದುಕೊಂಡೇ ನಡೆಯುತ್ತದೆ. ಅದನ್ನು ನಡೆಸುವಾಕೆಯೇ ಕಿವಿ ನೋಡುವ ದೊಡ್ಡಮ್ಮ. ಈಕೆ ಆ ಕಿವಿಯವರಿಗೆ ರಕ್ತಸಂಬಂಧದಿಂದ ದೊಡ್ಡಮ್ಮನಾಗಿರಬೇಕೆಂಬ ನಿಯಮವೇನೂ ಇಲ್ಲ.

ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಿ ಅಕ್ಕಸಾಲಿಗ ಚಿನ್ನದ ತಂತಿ ಚುಚ್ಚುವುದು ಕ್ಷಣಮಾತ್ರದ ಕೆಲಸ. ಗಾಯ ಮಾಗುವ ಮುಂದಿನ ವಾರಗಳೆಲ್ಲ ದೊಡ್ಡಮ್ಮನ ಅಧಿಕಾರಾವಧಿ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯ ಶೇಂಗಾ ಎಣ್ಣೆಯಲ್ಲಿ ಕಲಸಿದ ಅರಿಸಿನ, ತೂತು ಮುಚ್ಚದಂತೆ ಅದರಲ್ಲಿ ಸಿಕ್ಕಿಸುವ ಬೇವಿನ ಕಡ್ಡಿ, ಬೆಳಗೆದ್ದು ತಂತಿಯನ್ನು ಒಂದು ಸುತ್ತು ತಿರುಗಿಸುವುದು ಇವು ಈಕೆಯ ಚಿಕಿತ್ಸೆ. ಇದನ್ನು ಬರಿಯ ಹಳ್ಳಿಮದ್ದೆಂದು ತಳ್ಳಿಹಾಕುವ ವಿದ್ವಾಂಸರು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯವನ್ನು ನೋಡಬೇಕು: ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಬಿಸಿಲು ಹಾಯ್ದು ಕಾಣುವ ಜಾಗದಲ್ಲಿ ಹಾಲೆಯನ್ನು ಚುಚ್ಚಿ, ಹತ್ತಿಯ ಬತ್ತಿ ಸೇರಿಸಿ, ಎಣ್ಣೆ ಎರೆದು, ಮೂರು ಮೂರು ದಿನಕ್ಕೊಮ್ಮೆ ಬತ್ತಿಯನ್ನು ದಪ್ಪ ಮಾಡುತ್ತ ಹೋಗಬೇಕೆಂದು ಅಲ್ಲಿ ಹೇಳಿದೆ. ಎಣ್ಣೆ, ಕಡ್ಡಿಗಳ ವಿಷಯದಲ್ಲಿ ದೊಡ್ಡಮ್ಮ ಸುಶ್ರುತನ ಪರಂಪರೆಯವಳೇ. ಆದರೆ ಮೂರು ದಿನ ಕಿವಿಯನ್ನು ಮುಟ್ಟದೆ ಕಾಯುವ ಸುಶ್ರುತನ ತಾಳ್ಮೆ ಆ ಪರಂಪರೆಯಲ್ಲಿ ಈಕೆಯವರೆಗೆ ಇಳಿದು ಬಂದಿಲ್ಲ.

ಈಕೆಯ ಶಾಸ್ತ್ರಕ್ಕೆ ನಿಜವಾದ ಸವಾಲು ಎದುರಾಗುವುದು ಬೆಂಗಳೂರಿನಲ್ಲಿ ಓದುವ ಹುಡುಗಿ ಕಿವಿಯ ಮೇಲಂಚಿಗೆ ಟೈಟಾನಿಯಂ ಮೊಳೆ ಹಾಕಿಸಿಕೊಂಡು ರಜೆಗೆ ಬಂದಾಗ. ಮಾಂಸ, ಕೊಬ್ಬುಗಳಿಂದಾದ ಹಾಲೆಯಲ್ಲಿ ರಕ್ತ ಚೆನ್ನಾಗಿ ಹರಿಯುವುದರಿಂದ ಗಾಯ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಗುತ್ತದೆ. ಮೇಲಂಚಿನದು ಮೃದ್ವಸ್ಥಿ, ಅಂದರೆ ತನ್ನದೇ ರಕ್ತನಾಳಗಳಿಲ್ಲದೆ, ಸುತ್ತಲಿನ ತೆಳುಪೊರೆಯಿಂದಲೇ ಪೋಷಣೆ ಪಡೆಯುವ ಮೆದು ಎಲುಬು, ಆದ್ದರಿಂದ ಅದು ಪೂರ್ತಿ ಮಾಗಲು ಎಷ್ಟೋ ಸಲ ವರ್ಷವೇ ಬೇಕಾಗುತ್ತದೆ. ಹುಡುಗಿ ಕಲಿತು ಬಂದ ಕ್ರಮ ಬಡವಾದದ್ದು: ಕೈ ತೊಳೆದುಕೊಳ್ಳುವುದು, ಶೇಕಡಾ 0.9ರಷ್ಟು ಉಪ್ಪಿರುವ ಶುದ್ಧ ಸಲೈನ್ ನೀರಿನಿಂದ ಗಾಯವನ್ನು ತೊಳೆಯುವುದು, ಮಿಕ್ಕ ಹೊತ್ತಿನಲ್ಲಿ ಸುಮ್ಮನಿರುವುದು. ತೂತಿನ ಎರಡೂ ತುದಿಗಳಿಂದ ಒಳಕ್ಕೆ ಬೆಳೆಯುವ ಎಳೆಚರ್ಮ ಮೊಳೆ ತಿರುಗಿದರೆ ಹರಿಯುತ್ತದೆ. ಸುಮ್ಮನಿರುವುದೂ ಒಂದು ಚಿಕಿತ್ಸೆ ಎಂಬ ಮಾತನ್ನು ದೊಡ್ಡಮ್ಮ ಈ ಜನ್ಮದಲ್ಲಿ ಕೇಳಿಲ್ಲ.

“ಇತ್ತ ತಿರುಗವ್ವ, ನೋಡಾನ” ಎನ್ನುವ ಹೊತ್ತಿಗೆ, ಆಗಷ್ಟೇ ಶೇಂಗಾ ಸುಲಿಯುತ್ತಿದ್ದ ಬೆರಳುಗಳು ಮೊಳೆಯ ಮೇಲಿರುತ್ತವೆ. ಗಾಯದ ತಿಳಿಯಾದ ಒಸರು ಒಣಗಿ ಕಟ್ಟಿದ ಹೊಪ್ಪಳೆಯನ್ನು ಕಂಡ ಕೂಡಲೇ “ಕೀವಾಗೈತೆ” ಎಂಬ ತೀರ್ಪು ಹೊರಬೀಳುತ್ತದೆ, ಮೇಲ್ಮನವಿಗೆ ಅವಕಾಶವಿಲ್ಲ. ಅಷ್ಟಾದರೂ ಈಕೆ ಪೂರ್ತಿ ತಪ್ಪೆನ್ನಲಾಗದು. ಕಂಬಳಿಯ ಉಣ್ಣೆಯೆಳೆ ಮೊಳೆಗೆ ಸಿಕ್ಕಿ ನಿದ್ದೆಯಲ್ಲಿ ಜಗ್ಗೀತೆಂದು ಹಳೆಯ ಸೀರೆಯನ್ನು ಮಡಿಸಿ ಹಾಸಿಕೊಡುವವಳು ಈಕೆಯೇ. ಆಷಾಢದ ಗಾಳಿಗೆ ಕಾವಲಿನ ಕೆಂಧೂಳು ಎದ್ದಾಗ ಕಿವಿಗೆ ಸೆರಗು ಮರೆಮಾಡುವವಳೂ ಈಕೆಯೇ.

ಕಿವಿ ಕೆಂಪಾಗಿ ಬಾತು, ಮಿಡಿದು, ಜ್ವರ ಬಂದರೆ ಅದು ಸೋಂಕು. ಮೃದ್ವಸ್ಥಿಯ ಸೋಂಕನ್ನು ಕಡೆಗಣಿಸಿದರೆ ಕಿವಿಯ ಆಕಾರವೇ ಕೆಡಬಹುದಾದ್ದರಿಂದ ಆಗ ವೈದ್ಯರಲ್ಲಿಗೆ ಹೋಗಲೇಬೇಕು. ಹುಡುಗಿಯ ಜೊತೆ ಚಳ್ಳಕೆರೆಯ ಆಟೊ ಹತ್ತುವವರಲ್ಲಿ ದೊಡ್ಡಮ್ಮನೇ ಮೊದಲಿಗಳು. ಇದನ್ನು ಯಾರು ಮುಟ್ಟಿದ್ದೆಂದು ನರ್ಸ್ ಗದರಿದರೆ ಈಕೆಯ ಬಳಿ ಉತ್ತರ ಸಿದ್ಧವಾಗಿರುತ್ತದೆ: “ಊರೋರೆಲ್ಲ ಮುಟ್ಟವ್ರೆ ತಾಯಿ, ನಾನು ಬರೇ ನೋಡಿದ್ದು.”