ತಲೆಕೆಳಗಾದ ಅರಮನೆ

ಗಾಜು ಪಾರದರ್ಶಕವೆಂಬುದು ಅರ್ಧಸತ್ಯ. ಲೇಪವಿಲ್ಲದ ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಬಂದ ದಾರಿಗೇ ಹಿಂದಿರುಗಿಸಿಬಿಡುತ್ತದೆ. ಈ ಸುಂಕವನ್ನು ತಪ್ಪಿಸಲೆಂದೇ 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಸ್ಮಕುಲಾ ಎಂಬ ಭೌತವಿಜ್ಞಾನಿ ಮಸೂರಗಳಿಗೆ ಅತಿ ತೆಳುವಾದ ಲೇಪವನ್ನು ಕೂಡಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಅಂದಿನಿಂದ ಎಷ್ಟೋ ಮಂದಿ ಪಂಡಿತರು ಕಣ್ಣು ಸವೆಸಿ, ಲೇಪದ ಮೇಲೆ ಲೇಪವನ್ನಿಟ್ಟು ಸಿದ್ಧಗೊಳಿಸಿದ ಮಸೂರವೊಂದನ್ನು ನಿವೃತ್ತಿಯ ಹಣದಲ್ಲಿ ಕೊಂಡು, ಅದರ ಮೂತಿಗೆ ಲೇಪದ ಸೋಂಕೂ ಇಲ್ಲದ ಅಗ್ಗದ ಚಪ್ಪಟೆ ಗಾಜೊಂದನ್ನು ತಿರುಪಿ ಕೂರಿಸಿ, ಆ ಸಮಸ್ತ ವಿದ್ಯೆಯನ್ನೂ ಅರ್ಧ ನಿಮಿಷದಲ್ಲಿ ನಿರರ್ಥಕಗೊಳಿಸಿದ ಕೀರ್ತಿಗೆ ನಾನು ಭಾಜನನಾಗಿದ್ದೇನೆ.

"ಯುವಿ ಫಿಲ್ಟರ್ ಇಲ್ದೆ ಲೆನ್ಸ್ ತಗೊಂಡ್ ಹೋಗ್ತೀರಾ ಸಾರ್? ಗೀರು ಬಿದ್ರೆ?" ಎಂದಿದ್ದ ಅಂಗಡಿಯ ಹುಡುಗ. ಅತಿನೇರಳೆ ಕಿರಣಗಳ ಕಾಟವಿದ್ದದ್ದು ಫಿಲ್ಮಿನ ಕಾಲಕ್ಕೆ. ಇಂದಿನ ಕ್ಯಾಮೆರಾದ ಸೆನ್ಸರು ಅವನ್ನು ತಡೆಯುವ ಗಾಜನ್ನು ತಾನೇ ಹೊದ್ದುಕೊಂಡು ಕುಳಿತಿರುತ್ತದೆ. ಆದರೆ ಸೋಫಾಕ್ಕೆ ಹೊದಿಸಿ ಬಂದ ಪ್ಲಾಸ್ಟಿಕ್ಕನ್ನು ಅದು ತಾನಾಗಿ ಹರಿದುಹೋಗುವವರೆಗೂ ತೆಗೆಯದ ವಂಶದಲ್ಲಿ ಜನಿಸಿದವನಿಗೆ ಗೀರಿನ ಭಯವೊಂದೇ ಸಾಕಾಯಿತು.

ಭಾನುವಾರ ಸಂಜೆ ಸೋದರತ್ತೆಯವರನ್ನು ಕರೆದುಕೊಂಡು ಮೈಸೂರಿನ ಅರಮನೆಯ ಮುಂದೆ ಮುಕ್ಕಾಲಿಯನ್ನು ಊರಿದೆ. ಏಳು ಗಂಟೆಗೆ, 97,000 ಎಂದು ಜನ ಲೆಕ್ಕ ಹೇಳುವ ಆ ಬಲ್ಬುಗಳೆಲ್ಲ ಒಮ್ಮೆಗೇ ಹೊತ್ತಿಕೊಂಡು, ನೆರೆದಿದ್ದವರೆಲ್ಲ 'ಹೋ' ಎಂದ ಕ್ಷಣದಲ್ಲಿಯೇ ಗುಂಡಿಯನ್ನೊತ್ತಿದೆ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯ ಮೇಲೆ ಕೆಳಗಡೆ ಅರಮನೆ ಯಥಾಸ್ಥಿತಿಯಲ್ಲಿ ಬೆಳಗುತ್ತಿತ್ತು. ಮೇಲಣ ಕಗ್ಗತ್ತಲ ಆಕಾಶದಲ್ಲಿ, ತಿಳಿಹಸಿರು ಚುಕ್ಕಿಗಳಿಂದ ಪೋಣಿಸಿದಂತಹ ಇನ್ನೊಂದು ಅರಮನೆ, ಕಮಾನಿಗೆ ಕಮಾನು, ಕಳಶಕ್ಕೆ ಕಳಶ, ಒಂದನ್ನೂ ಬಿಡದೆ, ಎಡತುದಿಯ ಗೋಪುರ ಬಲಕ್ಕೂ ಬಲತುದಿಯದು ಎಡಕ್ಕೂ ಸರಿದು, ತಲೆಕೆಳಗಾಗಿ ತೂಗುತ್ತಿತ್ತು.

ಅತ್ತೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ಬಗ್ಗಿ ನೋಡಿದರು. ತಲೆಯೆತ್ತಿ ನಿಜವಾದ ಆಕಾಶವನ್ನು ನೋಡಿದರು; ಅಲ್ಲೇನೂ ಇರಲಿಲ್ಲ. ಮತ್ತೆ ಬಗ್ಗಿದರು. ಅನಂತರ ಎರಡೂ ಕೆನ್ನೆಗಳನ್ನು ಮೆಲ್ಲನೆ ತಟ್ಟಿಕೊಂಡು, "ಹಳೇ ಅರಮನೆ ಕಣೋ," ಎಂದರು. "ಸುಟ್ಟುಹೋಯ್ತಲ್ಲ, ಅದು."

1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದದ್ದು ಮೈಸೂರಿನವರಿಗೆ ಹೇಳಬೇಕಾದ ವಿಷಯವಲ್ಲ. ನಾನು ತರ್ಕಬದ್ಧವಾಗಿಯೇ ವಾದಿಸಿದೆ: "ಅತ್ತೆ, ಆ ಗುಮ್ಮಟ ನೋಡಿ. ಇದು ಹೆನ್ರಿ ಇರ್ವಿನ್ನನ ನಕ್ಷೆ, ಕಟ್ಟಿ ಮುಗಿಸಿದ್ದು 1912ರಲ್ಲಿ. ಸುಟ್ಟುಹೋದ ಅರಮನೆಗೆ ಈ ಗುಮ್ಮಟ ಎಲ್ಲಿಂದ ಬರಬೇಕು?"

"ಸತ್ತವರು ಹೊಸ ಸೀರೆ ಉಟ್ಟುಕೊಂಡು ಬರಬಾರದು ಅಂತ ಯಾವ ಶಾಸ್ತ್ರದಲ್ಲಿದೆಯೋ?"

ಈ ಪ್ರಶ್ನೆಗೆ ಇರ್ವಿನ್ ಸಹ ಉತ್ತರಿಸಲಾರನು. ಅಷ್ಟರಲ್ಲಿ ಹಿಂದುಗಡೆ ಆರೇಳು ಜನ ಸೇರಿ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕತೊಡಗಿದ್ದರು. ಒಬ್ಬ ಗೃಹಸ್ಥರು ಪಾದರಕ್ಷೆಗಳನ್ನು ಕಳಚಿ ಪಕ್ಕಕ್ಕಿಟ್ಟರು. ಅಂತಹ ಗೌರವ ನನ್ನ ಛಾಯಾಚಿತ್ರಕ್ಕೆ ಅದಕ್ಕೆ ಮೊದಲೂ ದೊರೆತಿರಲಿಲ್ಲ, ಅನಂತರವೂ ದೊರೆತಿಲ್ಲ.

ಈ ಭಕ್ತಿರಸಕ್ಕೆ ಭಂಗ ತಂದವನು, ಎತ್ತಿನ ಹೇರಿನಷ್ಟು ದೊಡ್ಡ ಚೀಲವನ್ನು ಹೊತ್ತಿದ್ದ ಒಬ್ಬ ತರುಣ. "ಫಿಲ್ಟರ್ ಬಿಚ್ಚಿ ಅಂಕಲ್. ಸೆನ್ಸರ್ ಮೇಲೆ ಬಿದ್ದ ಬೆಳಕಲ್ಲಿ ಒಂಚೂರು ಲೆನ್ಸಿನೊಳಗಿಂದಾನೇ ವಾಪಸ್ ಹೋಗತ್ತೆ, ಫಿಲ್ಟರಿನ ಹಿಂಭಾಗಕ್ಕೆ ಬಡಿದು ಮತ್ತೆ ಒಳಗೆ ಬರತ್ತೆ. ಅದಕ್ಕೇ ಚಿತ್ರದ ನಡುಮಧ್ಯಕ್ಕೆ ಸರಿಯಾಗಿ ಎದುರುಬದಿಯಲ್ಲಿ ಉಲ್ಟಾ ಬೀಳತ್ತೆ. ಫಿಲ್ಟರ್ ಚಪ್ಪಟೆ ನೋಡಿ, ಇಷ್ಟು ಸ್ಪಷ್ಟ." ವಿವರಣೆ ನಿರ್ದುಷ್ಟವಾಗಿತ್ತು. ಆದರೆ ಅಷ್ಟು ತಿಳಿದವನಿಗೆ ಅಪರಿಚಿತರನ್ನು ಅಂಕಲ್ ಎನ್ನಬಾರದೆಂಬುದು ತಿಳಿದಿರಬಾರದೆ? ಪರೋಪಕಾರಿಗಳಾದ ಈ ತರುಣರು ಒಂದೇ ಉಸಿರಿನಲ್ಲಿ ನಮ್ಮ ಅಜ್ಞಾನವನ್ನೂ ವಯಸ್ಸನ್ನೂ ಸಾರಿಬಿಡುತ್ತಾರೆ.

ಬಿಚ್ಚಿದೆ. ಆಕಾಶ ಖಾಲಿಯಾಯಿತು. ಗೃಹಸ್ಥರು ಪಾದರಕ್ಷೆಗಳನ್ನು ಮೆಟ್ಟಿಕೊಂಡು ಹೊರಟುಹೋದರು.

ಅತ್ತೆ ಮಾತ್ರ ಕದಲಲಿಲ್ಲ. ಅವರ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ, ಅರಮನೆಯಿಂದೆದ್ದ ಕಿಡಿಗಳನ್ನು ಜಗುಲಿಯಿಂದ ಕಂಡು, ಮದುವೆಯ ಬಾಣಬಿರುಸೆಂದು ಚಪ್ಪಾಳೆ ತಟ್ಟಿ ಕುಣಿದಿದ್ದರಂತೆ; ಸಾಯುವವರೆಗೂ ಆ ಚಪ್ಪಾಳೆಯನ್ನು ನೆನೆದು ಕಣ್ಣೀರಿಡುತ್ತಿದ್ದರಂತೆ. ಇಷ್ಟು ವರ್ಷ ಒಮ್ಮೆಯೂ ನನಗೆ ಹೇಳದಿದ್ದ ಈ ಸಂಗತಿಯನ್ನು, ಕಡಲೆಕಾಯಿ ಮಾರುವವನ ಗಲಾಟೆಯ ನಡುವೆ, ಅತ್ತೆ ಮೆತ್ತಗೆ ಹೇಳಿದರು. ನನಗೆ ಏನೆನ್ನಬೇಕೋ ತೋಚಲಿಲ್ಲ. "ಆ ಗಾಜು ಮತ್ತೆ ಹಾಕೋ," ಎಂದರು. ಹಾಕಿದೆ, ಚೀಲದ ತರುಣ ತಲೆ ಚಚ್ಚಿಕೊಂಡ.

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕಟ್ಟು ಹಾಕಿಸಿದ್ದಾಯಿತು. ಕೊಕ್ಕೆ ಯಾವ ಕಡೆಗೆಂದು ಅಂಗಡಿಯವನು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪಟವನ್ನು ಬುಡಮೇಲಾಗಿ ತಿರುಗಿಸಿದರು. "ಸುಟ್ಟುಹೋದದ್ದು ನೆಟ್ಟಗೆ ನಿಂತಿರಲಿ. ಇದ್ದದ್ದಕ್ಕೇನು, ವಾರವಾರ ದೀಪ ಹಚ್ಚುತ್ತಾರೆ." ಹೀಗಾಗಿ ನಮ್ಮ ನಡುಮನೆಯಲ್ಲಿ ಹಸಿರು ಚುಕ್ಕಿಗಳ ಅರಮನೆ ಸೆಟೆದು ನಿಂತಿದೆ, ಇರ್ವಿನ್ನನದು ಬಾವಲಿಯಂತೆ ಜೋತುಬಿದ್ದಿದೆ. ಕಾಫಿಗೆ ಬಂದವರು ಕತ್ತು ಓರೆಮಾಡಿ ನೋಡಿ, ಪಟ ತಿರುವುಮುರುವಾಗಿದೆಯೆಂದು ಸರಿಪಡಿಸಲು ಏಳುತ್ತಾರೆ. ಅತ್ತೆ ಒಳಗಿನಿಂದಲೇ ಗದರಿಸಿ ಕೂರಿಸುತ್ತಾರೆ.