ಸರೋವರದ ತಳದಲ್ಲಿರುವ ಕಾದಂಬರಿಕಾರರಿಗೆ

ಮಾನ್ಯ ಅಲನ್ ವೇಕ್ ಅವರೇ,

ನೀವು ಕಾಲ್ಡ್ರನ್ ಸರೋವರದಲ್ಲಿ ಮುಳುಗಿದ್ದು 2010ರಲ್ಲಿ. ನಿಮ್ಮ ವಿಡಿಯೊ ಗೇಮ್‌ನ ಎರಡನೇ ಭಾಗ ‘ಅಲನ್ ವೇಕ್ 2’ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. 13 ವರ್ಷ ಹಸ್ತಪ್ರತಿ ತಿದ್ದುವ ಕಾದಂಬರಿಕಾರರು ನಮ್ಮಲ್ಲೂ ಇದ್ದಾರೆ ಬಿಡಿ. ಆದರೆ ಅವರು ಬರೆದಿದ್ದು ನಿಮ್ಮದರಂತೆ ನಿಜವಾಗಿ ಊರಿನವರು ಸಾಯುವುದಿಲ್ಲ. ಡಿಸ್ಕ್ ಕೈಗೆ ಸಿಗಲು ಮತ್ತೊಂದು ವರ್ಷ ಹಿಡಿಯಿತು. ಇರಲಿ, ಕಾಯುವುದು ನಿಮ್ಮ ಅಭಿಮಾನಿಗಳಿಗೆ ರೂಢಿಯಾಗಿದೆ.

ಗೇಮ್ ಬಂದ ವರ್ಷವೇ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಕಥನ, ನಿರ್ದೇಶನ, ಕಲೆ ಮೂರಕ್ಕೂ ನಿಮಗೇ ಬಹುಮಾನ ಬಂತು. ಕೊಟ್ಟವರು ತಪ್ಪು ಮಾಡಲಿಲ್ಲ. ಎಫ್‌ಬಿಐ ಅಧಿಕಾರಿ ಸಾಗಾ ಆಂಡರ್ಸನ್ ಕೊಲೆಯ ತನಿಖೆಗೆಂದು ಬ್ರೈಟ್ ಫಾಲ್ಸ್‌ಗೆ ಬರುತ್ತಾಳೆ. ಹಿಂದೆಂದೂ ಕಾಲಿಡದ ಊರು. ಆದರೂ ಜನ ಅವಳನ್ನು ಹಳೇ ಪರಿಚಯದವಳಂತೆ ಮಾತಾಡಿಸಿ, ನೀರಿನಲ್ಲಿ ಮುಳುಗಿ ಸತ್ತ ಮಗಳಿಗಾಗಿ ಮರುಗುತ್ತಾರೆ. ಮಗಳು ಲೋಗನ್ ದೂರದ ಮನೆಯಲ್ಲಿ ಚೆನ್ನಾಗೇ ಇದ್ದಾಳೆ! ನಿಮ್ಮ ಹಸ್ತಪ್ರತಿ ಸಾಗಾಳ ಬದುಕನ್ನೇ ತಿದ್ದಿಬಿಟ್ಟಿದೆ. ಸಮಾಧಾನ ಹೇಳುವವರ ದನಿಯಲ್ಲಿ ಕಪಟವೇ ಇಲ್ಲ, ಮೈ ಜುಮ್ಮೆನ್ನುವುದು ಅದಕ್ಕೇ.

ಇಷ್ಟು ಬರೆಯಬಲ್ಲವರು ಪರದೆ ತುಂಬ ಕಿರುಚುವ ಮುಖಗಳನ್ನು ಯಾಕೆ ತೂರುತ್ತೀರಿ ಸ್ವಾಮಿ? ಮೊದಲ ಸಲ ಕುರ್ಚಿಯಿಂದ ಹಾರಿದೆ. ಆಮೇಲೆ ಸೌಂಡ್ ಕಡಿಮೆ ಮಾಡಿಕೊಂಡೆ. ನಿಮ್ಮ ಮಾತಿನ ಮೇಲೆ ನಿಮಗೇ ನಂಬಿಕೆ ಇಲ್ಲದಿದ್ದರೆ ಹೇಗೆ?

ಇನ್ನು ಸುಳಿವು ಜೋಡಿಸಲು ಸಾಗಾ ಹೊಕ್ಕುವ ಮನದ ಕೋಣೆ. ಏನಾಯಿತೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಫೋಟೊ, ಚೀಟಿಗಳನ್ನು ಗೋಡೆಯ ಸರಿಯಾದ ಜಾಗಕ್ಕೆ ಅಂಟಿಸುವ ತನಕ ಕಡತ ಮುಂದಿನ ಟೇಬಲ್ಲಿಗೆ ಹೋಗುವುದಿಲ್ಲ. ಕಾಡಿನಲ್ಲಿ ಕೊಡಲಿ ಹಿಡಿದವನೊಬ್ಬ ಅಟ್ಟಿಸಿಕೊಂಡು ಬರುತ್ತಿದ್ದರೆ, ನಾವು ಅಂಟಿಸಿ ಮುಗಿಸುವ ತನಕ ಅವನೇನೂ ಕಾಯುವುದಿಲ್ಲ.

ನೀವು ಕಥೆ ಹೆಣೆಯುವ ಕೋಣೆಯ ಹಲಗೆಯ ಮಾತೇ ಬೇರೆ. ‘ಕಾಣೆಯಾದ ಅಧಿಕಾರಿ’ಯ ಎಳೆ ಕಿತ್ತು ‘ಕೊಲೆಗಡುಕರ ಪಂಥ’ ಸಿಕ್ಕಿಸಿದರೆ ಸಾಕು, ನಿಂತ ನೆಲದಲ್ಲೇ ಸರೋವರದ ತಳದ ನಿಮ್ಮ ನ್ಯೂಯಾರ್ಕಿನ ಸುರಂಗ ನಿಲ್ದಾಣ ರೂಪ ಬದಲಿಸಿ, ಮುಚ್ಚಿದ್ದ ದಾರಿ ತೆರೆದುಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಬೇಕಿಲ್ಲದಿದ್ದರೂ ಎಳೆಗಳನ್ನು ಹಿಂದೆ ಮುಂದೆ ಮಾಡಿ ಆಟವಾಡಿದ್ದೇನೆ. ಅಲ್ಲಿ ನಿಮ್ಮ ಹೆಸರು ಪಿಸುಗುಟ್ಟುವ ನೆರಳುಗಳಲ್ಲಿ ಯಾವುದು ಬರೀ ನೆರಳು, ಯಾವುದು ಮೇಲೆ ಬೀಳುತ್ತದೆ ಎನ್ನುವುದು ಟಾರ್ಚ್ ಬಿಡದೆ ತಿಳಿಯದು. ಮೊದಮೊದಲು ಎದೆ ಹೊಡೆದುಕೊಂಡಿತು, ಆಮೇಲೆ ಬ್ಯಾಟರಿ ಲೆಕ್ಕವೇ ಚಿಂತೆಯಾಯಿತು.

ನಿಮ್ಮ ಜೀವನಚರಿತ್ರೆಯನ್ನೇ ರಾಕ್ ಸಂಗೀತ ನಾಟಕ ಮಾಡಿದ ಅಧ್ಯಾಯಕ್ಕೆ ಮಾತ್ರ ದೊಡ್ಡ ನಮಸ್ಕಾರ. ಗೇಮ್‌ನ ನಿರ್ದೇಶಕರಲ್ಲೊಬ್ಬರಾದ ಸ್ಯಾಮ್ ಲೇಕ್ ಅಲ್ಲಿ ಸ್ವತಃ ಕುಣಿದಿದ್ದಾರೆ. ಸಾಗಾಳ ಜೊತೆಗಾರ ಅಲೆಕ್ಸ್ ಕೇಸಿಗೂ ಅವರದೇ ಮುಖ. ಆದರೆ ಆ ಕೇಸಿ ಕೋಟು ತೊಟ್ಟು ಗಂಭೀರವಾಗಿ ನಿಲ್ಲುವುದೇ ಹೆಚ್ಚು, ದುಡಿಯುವುದೆಲ್ಲ ಸಾಗಾ. ಮೂರನೇ ಭಾಗ ಬರೆಯುವುದಾದರೆ ಗೋಡೆಗೆ ಫೋಟೊ ಅಂಟಿಸುವ ಕೆಲಸವನ್ನು ದಯವಿಟ್ಟು ಕೇಸಿಗೆ ವಹಿಸಿ.

ಇಂತಿ,
ಸೌಂಡ್ ಇನ್ನೂ ಕಡಿಮೆಯಲ್ಲೇ ಇಟ್ಟುಕೊಂಡಿರುವ ಅಭಿಮಾನಿ