ರುಚಿ ಮಾಸ್ತರ

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನಲ್ಲಿ ಊಟಕ್ಕೆ ಕೂತವನನ್ನು ಮನೆಯವರು ‘ಹೆಂಗ ಆಗೇತ್ರಿ?’ ಎಂದು ಕೇಳುತ್ತಾರೆ. ಕೂತವನು ‘ಭಾಳ ಚಲೋ ಆಗೇತಿ’ ಎನ್ನುತ್ತಾನೆ. ಉಪ್ಪು ಹಾಕುವುದು ಮರೆತಿದ್ದರೂ ಹಾಗೇ ಅನ್ನುತ್ತಾನೆ. ಉಮದಿಯಿಂದ ಸಂಖದವರೆಗೆ ತಲೆತಲಾಂತರದಿಂದ ಈ ಒಪ್ಪಂದವನ್ನು ಯಾರೂ ಮುರಿದಿರಲಿಲ್ಲ. ಮುರಿಯಲೆಂದೇ ಪುಣೆಯಿಂದ ರಜೆ ಹಾಕಿ ಬರುವವನು ನಮ್ಮ ರುಚಿ ಮಾಸ್ತರ. ‘ಹೆಂಗ ಆಗೇತಪಾ?’ ಎಂದು ಕಾಕು ಕೇಳಿದರೆ ಅವನು ತಿರುಗಿ ಕೇಳುತ್ತಾನೆ: ‘ಯಾವುದಕ್ಕ ಹೋಲಿಸಿ?’

ಅವನೇನೂ ಶಾಲೆಯಲ್ಲಿ ಕಲಿಸುವುದಿಲ್ಲ. ನಮ್ಮ ಕಡೆ ಲೆಕ್ಕ ಬಲ್ಲವರೆಲ್ಲ ಮಾಸ್ತರರೇ. ಮಗ್ಗಿ ಕಲಿತದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಬಿ.ಎಸ್ಸಿ. ಮಾಡಿದ್ದು ಸಾಂಗಲಿಯಲ್ಲಿ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದು ಕೊಲ್ಹಾಪುರದ ಶಿವಾಜಿ ವಿದ್ಯಾಪೀಠದಲ್ಲಿ. ಹೀಗಾಗಿ ಇವತ್ತಿಗೂ ಕನ್ನಡದಲ್ಲಿ ಎಣಿಸಿ, ಮರಾಠಿಯಲ್ಲಿ ವಾದಿಸಿ, ಇಂಗ್ಲಿಷಿನಲ್ಲಿ ವರದಿ ಬರೆಯುತ್ತಾನೆ. ಕೆಲಸ ಒಂದು ಬಿಸ್ಕೀಟ ಕಂಪನಿಯಲ್ಲಿ. ಹೊಸ ಬಿಸ್ಕೀಟ ಜನರಿಗೆ ಹಿಡಿಸಿತೋ ಇಲ್ಲವೋ, ಹಳೆಯದಕ್ಕೂ ಹೊಸದಕ್ಕೂ ನಾಲಿಗೆಗೆ ಫರಕು ತಿಳಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳುವುದು ಅವನ ಪಾಲಿನ ಕಾಯಕ.

ಊರಿಗೆ ಬಿಡಿಸಲಾಗದ ಒಗಟು ಎಂದರೆ, ಈತ ಬಿಸ್ಕೀಟ ತಿನ್ನುವುದಿಲ್ಲ. ತಿನ್ನುವವರು ಬೇರೆ. ಅವರನ್ನು ಒಬ್ಬೊಬ್ಬರನ್ನಾಗಿ ಸಣ್ಣ ಗೂಡುಗಳಲ್ಲಿ ಕೂರಿಸುತ್ತಾರೆ, ಪಕ್ಕದವನ ಮುಖ ಕಾಣದಂತೆ ನಡುವೆ ಹಲಗೆ ಹೊಡೆದಿರುತ್ತಾರೆ. ಯಾವ ಬಟ್ಟಲಲ್ಲಿ ಏನಿದೆ ಎಂದು ಗೊತ್ತಿರುವವನು ತಿನ್ನಬಾರದು ಎಂಬುದು ಆ ಕಸುಬಿನ ಮೊದಲ ಕಟ್ಟಳೆ. ಮಾಸ್ತರನಿಗೆ ಎಲ್ಲ ಗೊತ್ತಿರುವುದರಿಂದ ಅವನು ಉಪವಾಸ. ‘ಬಿಸ್ಕೀಟಿನ ಕಾರಖಾನ್ಯಾಗ ಇದ್ದು ಬರೇ ಅಂಕಿ ಉಂಡ ಬರತಾನ’ ಎಂದು ಅವನ ಅವ್ವ ನೆರೆಯವರ ಎದುರು ಮರುಗುತ್ತಾಳೆ.

ಮಾಸ್ತರನ ಜೇಬಿನಲ್ಲಿ ಸದಾ ಒಂಬತ್ತು ಅಂಕದ ಚೀಟಿ ಇರುತ್ತದೆ. ಒಂಬತ್ತೆಂದರೆ ಅತಿಯಾಗಿ ಹಿಡಿಸಿತು, ಒಂದೆಂದರೆ ಒಂಚೂರೂ ಬೇಡ, ಐದೆಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಶಿಕಾಗೋದಲ್ಲಿ, ಅಮೆರಿಕದ ಸೇನೆಯ ಆಹಾರ ಸಂಸ್ಥೆಯಲ್ಲಿ, ಡೇವಿಡ್ ಪೆರ್ಯಾಮ್ ಮತ್ತು ಜೊತೆಗಾರರು ಸಿಪಾಯಿಗಳ ಊಟಕ್ಕೆಂದು ರೂಪಿಸಿದ ಅಳತೆ ಇದು. ಸಿಪಾಯಿಗಳಿಗೆ ಬೀಗರಿರಲಿಲ್ಲ, ಅದಕ್ಕೆ ಅಲ್ಲಿ ನಡೆಯಿತು. ಮಾಸ್ತರ ಅದನ್ನು ದೊಡ್ಡಪ್ಪನ ಮಗಳ ಮದುವೆಯ ಪಂಕ್ತಿಯಲ್ಲಿ ಹಂಚಿದ. ಬೀಗರು ಎದುರಿಗೇ ಕೂತಿದ್ದರು. ಹುಗ್ಗಿಗೆ ಒಂಬತ್ತು, ಬದನೆಕಾಯಿಗೆ ಒಂಬತ್ತು, ಇನ್ನೂ ಬಡಿಸದ ಮಜ್ಜಿಗೆಗೂ ಒಂಬತ್ತು. ಒಬ್ಬ ಹಿರಿಯರು ಕಡಿಮೆಯಾದೀತೆಂದು ಹತ್ತು ಬರೆದರು. ಮಾಸ್ತರ ಎದೆಗುಂದಲಿಲ್ಲ. ಅದೇ ಮಂದಿ ಊರಿಗೆ ಮರಳುವ ವಡಾಪ ಜೀಪಿನಲ್ಲಿ ತೂರಿಕೊಂಡು ಮತ್ತೆ ಚೀಟಿ ಹಂಚಿದ. ಜೀಪು ಎರಡು ಮೈಲಿ ದಾಟುವುದರೊಳಗೆ ಹುಗ್ಗಿ ನಾಲ್ಕಕ್ಕೆ ಇಳಿದಿತ್ತು. ‘ಸ್ಥಳ ಬದಲಾದರೆ ನಾಲಿಗೆ ಬದಲಾಗುತ್ತದೆ’ ಎಂದು ಅವನು ಟಿಪ್ಪಣಿ ಬರೆದುಕೊಂಡ. ಬೀಗರಿಗೆ ಆ ಟಿಪ್ಪಣಿ ತಲುಪಿದ್ದು ಹೇಗೆಂಬುದರ ತನಿಖೆ ಇನ್ನೂ ಮುಗಿದಿಲ್ಲ.

ಅವನ ಲಗ್ನ ತಡವಾದದ್ದಕ್ಕೂ ಇದೇ ವಿದ್ಯೆ ಕಾರಣ. ಕನ್ಯೆ ನೋಡಲು ಹೋದ ಮೊದಲ ಮನೆಯಲ್ಲಿ ಶಿರಾ ಕೊಟ್ಟರು. ‘ಹುಡುಗೀನ ಮಾಡ್ಯಾಳ, ಹೆಂಗೈತ್ರಿ?’ ಎಂದರು. ‘ಮೊದಲ ತಿಂದಿದ್ದಕ್ಕ ಅಂಕ ಯಾವಾಗಲೂ ಹೆಚ್ಚ ಬೀಳತಾವ್ರಿ. ಇನ್ನ ಮೂರ ಮನಿ ಶಿರಾ ತಿಂದ, ಕ್ರಮ ಬದಲಿಸಿ ಮತ್ತ ಬಂದ ಹೇಳತೀನಿ’ ಎಂದ. ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ತಿನ್ನುವ ಸರದಿಯಿಂದ ಅಭಿಪ್ರಾಯ ವಾಲುತ್ತದೆ, ಅದಕ್ಕೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಸರದಿಯಲ್ಲಿ ಬಡಿಸಿ ಸರಿದೂಗಿಸುತ್ತಾರೆ. ಆದರೆ ಆ ಮನೆಯವರು ಎರಡನೇ ಸಲ ಬಾಗಿಲು ತೆರೆಯಲಿಲ್ಲ.

ಇನ್ನೊಂದು ಮನೆಯಲ್ಲಿ ಹುಡುಗಿಯ ಅಪ್ಪ ಕೆಲಸದ ಬಗ್ಗೆಯೇ ಶಂಕೆ ಎತ್ತಿದರು. ಮಾಸ್ತರ ನೆರೆಯ ಸಾತಾರಾ ಜಿಲ್ಲೆಯ ಆಸರೆ ಪಡೆದ. ಅಲ್ಲಿಯ ಬುಧ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಪಾಂಡುರಂಗ ಸುಖಾತ್ಮೆ ಸಂಖ್ಯಾಶಾಸ್ತ್ರ ಕಲಿತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಂಕಿಅಂಶ ವಿಭಾಗವನ್ನು ರೋಮಿನಲ್ಲಿ ಕೂತು ನಡೆಸಿ, ಜಗತ್ತಿನ ಹಸಿವಿನ ಲೆಕ್ಕ ಹಾಕಿದ ಕಥೆ ಹೇಳಿದ. ಆ ಹಿರಿಯರು ಗಮನವಿಟ್ಟು ಕೇಳಿ, ‘ಅವರು ಹಸದವರ ಲೆಕ್ಕಾ ಮಾಡಿದ್ರು, ನೀವು ಉಂಡವರದು ಮಾಡತೀರಿ. ಪಗಾರ ಯಾರದ ಹೆಚ್ಚ?’ ಎಂದರು. ಈತನದೇ ಹೆಚ್ಚಿರಬಹುದೆಂದು ತೋರಿದ್ದರಿಂದ ಲಗ್ನ ಕುದುರಿತು.

ಎಸ್.ಟಿ. ಸ್ಟ್ಯಾಂಡಿನ ಚಹಾದ ಅಂಗಡಿ ಅವನ ಉಪನ್ಯಾಸ ಮಂದಿರ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಕುಡಿದೇ ಹೇಳುತ್ತೇನೆ ಎಂದಳಂತೆ. ರೊನಾಲ್ಡ್ ಫಿಶರ್ ಅದನ್ನೇ ಹಿಡಿದು 1935ರ ತನ್ನ ಪುಸ್ತಕದಲ್ಲಿ ಎಂಟು ಕಪ್ಪಿನ ಪರೀಕ್ಷೆ ಹೂಡಿದ. ನಾಲ್ಕು ಹೀಗೆ, ನಾಲ್ಕು ಹಾಗೆ. ಬರೀ ಅಂದಾಜಿನ ಮೇಲೆ ಎಂಟನ್ನೂ ಸರಿಯಾಗಿ ವಿಂಗಡಿಸುವ ಸಾಧ್ಯತೆ 70ರಲ್ಲಿ ಒಂದು. ಈ ವಿದ್ಯೆಯೆಲ್ಲ ಅಲ್ಲಿಂದಲೇ ಬೆಳೆಯಿತು ಎಂದು ಮಾಸ್ತರ ಕಣ್ಣರಳಿಸಿ ಹೇಳುತ್ತಾನೆ. ಅಂಗಡಿಯವ ಹಾಲು, ನೀರು, ಸಕ್ಕರೆ, ಪುಡಿ, ಶುಂಠಿ ಎಲ್ಲವನ್ನೂ ಒಂದೇ ಪಾತೇಲಿಗೆ ಸುರಿದು ಕುದಿಸುತ್ತಾ, ‘ನಮ್ಮಲ್ಲಿ ಹಿಂದ ಮುಂದ ಏನೂ ಇಲ್ರಿ ಸರ’ ಎನ್ನುತ್ತಾನೆ. ಫಿಶರ್ ಜತ್ತದಲ್ಲಿ ಹುಟ್ಟಿದ್ದರೆ ಚಹಾ ಕುಡಿದು ಸುಮ್ಮನೆ ಬಸ್ಸು ಹತ್ತುತ್ತಿದ್ದ.

ಮಾಸ್ತರನ ಕೀರ್ತಿ ಶಿಖರ ಮುಟ್ಟಿದ್ದು ಬೇದಾಣಿಯ, ಅಂದರೆ ಒಣದ್ರಾಕ್ಷಿಯ, ಪ್ರಕರಣದಲ್ಲಿ. ಸಾಂಗಲಿ ಜಿಲ್ಲೆಯ ಬೇದಾಣಿಗೆ ಭೌಗೋಳಿಕ ಗುರುತಿನ ಮುದ್ರೆಯೇ ಇದೆ. ದ್ರಾಕ್ಷಿ ಒಣಗಿಸುವ ಶೆಡ್ಡುಗಳು ನಮ್ಮ ತಾಲೂಕಿನಲ್ಲೂ ಸಾಕಷ್ಟಿವೆ. ತೋಟ ಪಾಲಾದ ಅಣ್ಣತಮ್ಮಂದಿರಿಬ್ಬರು ತನ್ನ ಬೇದಾಣಿ ಸಿಹಿ, ತನ್ನದು ಸಿಹಿ ಎಂದು ಮಾತು ಬಿಟ್ಟಿದ್ದರು. ಮಾಸ್ತರ ತ್ರಿಕೋನ ಪರೀಕ್ಷೆ ಸಾರಿದ. ಮೂರು ಬಟ್ಟಲು, ಎರಡರಲ್ಲಿ ಒಬ್ಬನ ಮಾಲು, ಒಂದರಲ್ಲಿ ಇನ್ನೊಬ್ಬನದು. ಬೇರೆಯಾದದ್ದನ್ನು ಗುರುತಿಸಬೇಕು. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಕಾರಖಾನೆ ಬಿಯರಿಗೆ ಮಾಡಿದ ಪರೀಕ್ಷೆ ಇದು ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಕರೆಯದವರೂ ಬಂದರು. ಬಟ್ಟಲಲ್ಲಿ ಬೇದಾಣಿ ಕಂಡು ಒಂಬತ್ತು ಮಂದಿ ಉಳಿದರು.

ಬಣ್ಣ ನೋಡಿ ಯಾರೂ ಹೇಳಬಾರದೆಂದು ರಾತ್ರಿ ಕೆಂಪು ಬಲ್ಬು ಹಚ್ಚಿದ. ಭಾನಾಮತಿ ನಡೆದಿದೆ ಎಂದು ಓಣಿಯ ಹೆಂಗಸರು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಒಂದೊಂದು ರುಚಿಯ ನಡುವೆ ನೀರು ಮುಕ್ಕಳಿಸಿ ಉಗುಳಿರಿ ಎಂದ. ಮಾರ್ಚ್ ತಿಂಗಳು, ಟ್ಯಾಂಕರ್ ಬಂದು ನಾಲ್ಕು ದಿನವಾಗಿತ್ತು. ‘ಉಗಳಾಕ ನೀರ ಬೇಕೇನೊ ನಿನಗ?’ ಎಂದು ಹಿರಿಯರೊಬ್ಬರು ಮುಕ್ಕಳಿಸಿ ನುಂಗಿದರು, ಉಳಿದವರೂ ನುಂಗಿದರು. ಬಟ್ಟಲಿನ ಮೇಲೆ ಹೆಸರಿನ ಬದಲು ಮೂರಂಕಿಯ ಸಂಖ್ಯೆ ಬರೆಯುವುದು ಪದ್ಧತಿ, ಒಂದು ಎರಡು ಎಂದು ಬರೆದರೆ ಒಂದನೆಯದೇ ಮೇಲು ಎಂಬ ಭ್ರಮೆ ಹುಟ್ಟುತ್ತದೆ. ಮಾಸ್ತರ 358, 147, 269 ಎಂದು ಬರೆದ. ಒಂಬತ್ತರಲ್ಲಿ ಐವರು ಆ ಸಂಖ್ಯೆಗಳನ್ನು ಗುಟ್ಟಾಗಿ ಬರೆದುಕೊಂಡರು. ‘ಸರ, ಇವತ್ತ ಕಲ್ಯಾಣಕ್ಕ ಇದs ಪಾನಾ ಬರತೈತೇನ್ರಿ?’ ಎಂದು ಒಬ್ಬ ಕಿವಿಯಲ್ಲಿ ಕೇಳಿದ. ಇದು ಮಟಕಾ ಅಲ್ಲ, ಯಾವ ಅರ್ಥವೂ ಇಲ್ಲದೆ ಸುಮ್ಮನೆ ಆರಿಸಿದ ಅಂಕಿ ಎಂದು ಮಾಸ್ತರ ಆಣೆ ಮಾಡಿದ. ‘ಹಂಗಾದರ ಪಕ್ಕಾ ಬರತೈತಿ’ ಎಂದು ಅವನು ಎದ್ದೇ ಹೋದ. ಅವನ ಜಾಗಕ್ಕೆ ಇನ್ನೊಬ್ಬನನ್ನು ಹಿಡಿದು ತರಬೇಕಾಯಿತು.

ಕುರುಡು ಅಂದಾಜಿಗೇ ಮೂವರು ಸರಿ ಹೇಳಬಹುದು. ಫರಕು ಇದೆ ಎಂದು ಒಪ್ಪಲು ಒಂಬತ್ತರಲ್ಲಿ ಆರಾದರೂ ಬೇಕು. ಸರಿ ಹೇಳಿದವರು ನಾಲ್ವರು. ‘ಫರಕು ಸಿದ್ಧ ಆಗಿಲ್ಲ’ ಎಂದು ಮಾಸ್ತರ ತೀರ್ಪು ಕೊಟ್ಟ. ಅಣ್ಣನೂ ತಮ್ಮನೂ ವರ್ಷಗಳ ನಂತರ ಮೊದಲ ಬಾರಿಗೆ ಒಂದೇ ಮಾತು ಆಡಿದರು: ‘ಇವನಿಗೆ ತಲಿ ಕೆಟ್ಟೈತಿ.’

2022ರ ಕೊನೆಯಲ್ಲಿ ಜತ್ತದ 40 ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಿಕೊಳ್ಳುವ ಮಾತನ್ನು ಅಲ್ಲಿಯ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿದಾಗ, ಎರಡೂ ರಾಜ್ಯಗಳ ಟಿ.ವಿ. ಗಾಡಿಗಳು ನಮ್ಮ ಧೂಳಿನಲ್ಲಿ ಸಾಲುಗಟ್ಟಿದವು. ಬೆಂಗಳೂರಿನ ಮೈಕಿಗೆ ಒಂದು ಉತ್ತರ, ಮುಂಬಯಿಯ ಮೈಕಿಗೆ ಇನ್ನೊಂದು. ಎರಡಕ್ಕೂ ಕೊನೆಗೆ ‘ಮೊದಲ ನೀರ ಕೊಡ್ರಿ’ ಎಂಬ ಬಾಲ. ಮಾಸ್ತರನ ಮುಂದೆ ಮೈಕು ಬಂದಾಗ ಅವನು, ‘ಕ್ಯಾಮೆರಾ ಕಂಡಲ್ಲಿ ಬಂದು ನಿಂತವರನ್ನು ಕೇಳಿದರೆ ಊರಿನ ಮನಸ್ಸು ತಿಳಿಯುವುದಿಲ್ಲ, ನಿಮ್ಮ ಮಾದರಿಯೇ ಸರಿ ಇಲ್ಲ’ ಎಂದ. ಆ ತುಣುಕು ಎರಡೂ ಭಾಷೆಗಳಲ್ಲಿ ಪ್ರಸಾರವಾಗಲಿಲ್ಲ.

ಇಷ್ಟು ತಿಳಿದವನು ಮಣಿದದ್ದು ಅವ್ವನ ಮುಂದೆ. ಅವಳು ಎಂದೂ ‘ಹೆಂಗ ಆಗೇತಿ?’ ಎಂದು ಕೇಳಿದವಳಲ್ಲ. ಯಾಕೆಂದು ಒಮ್ಮೆ ಅವನೇ ಕೇಳಿದ. ‘ಕೇಳಿದರ ಖರೇ ಯಾರ ಹೇಳತಾರ? ನಾ ಬುಟ್ಟ್ಯಾಗ ಎಷ್ಟ ರೊಟ್ಟಿ ಉಳದಾವ ನೋಡತೀನಿ’ ಎಂದಳು. ಮಾಸ್ತರ ಬಿಡಲಿಲ್ಲ. ಪಲ್ಯ ಕೆಟ್ಟಿದ್ದರೂ ರೊಟ್ಟಿ ಉಳಿಯುತ್ತದೆ, ಅದು ರೊಟ್ಟಿಯ ತಪ್ಪೇನು ಎಂದ. ‘ಅದಕ್ಕs ಪಲ್ಯಾದ ಗಡಿಗೀನೂ ನೋಡತೀನಿ. ಎರಡೂ ಉಳದರ ಮಂದಿ ಎಲ್ಯೋ ಉಂಡ ಬಂದಾರ.’ ಮಾಸ್ತರ ಜೇಬಿನ ಚೀಟಿ ತೆಗೆದು ಇದನ್ನು ಬರೆದುಕೊಂಡ. ನಾಲಿಗೆ ಹೇಳುವುದನ್ನು ನಂಬುವ ಬದಲು ತಟ್ಟೆಯಲ್ಲಿ ಉಳಿದದ್ದನ್ನು ತೂಗಿ ನೋಡುವ ವಿಧಾನ ಅವನ ಶಾಸ್ತ್ರದಲ್ಲೂ ಇದೆ. ಆದರೆ ಅವನ ಕಂಪನಿ ಅದಕ್ಕೆ ಬೇರೆ ವಿಭಾಗ, ಬೇರೆ ತಕ್ಕಡಿ, ಬೇರೆ ಸಾಹೇಬರನ್ನು ಇಟ್ಟಿದೆ.

‘ಈ ಲೆಕ್ಕಕ್ಕ ನಿಮ್ಮಲ್ಲಿ ಪಗಾರ ಎಷ್ಟೊ?’ ಎಂದು ಅವ್ವ ಕೇಳಿದಳು. ಹೇಳಿದ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡು, ಮದುವೆಯಾಗಿ ಬಂದಂದಿನಿಂದ ತನಗೆ ಬರಬೇಕಾದ ಬಾಕಿಯನ್ನು ಗುಣಿಸತೊಡಗಿದಳು. ಮಗ ನಾಲ್ಕನೇ ರೊಟ್ಟಿಗೆ ಕೈ ಹಾಕಿ, ಬಡ್ಡಿ ಹಿಡಿಯಬೇಡ ಎಂದು ಬೇಡಿಕೊಂಡ.